ತೊಳೆದವರೇ ಕುಡಿಯದ ನೀರು

ಆ ಬೀದಿಗೆ ನಮ್ಮ ಲಾರಿ ಹೊಕ್ಕಾಗ ಯಾರೂ ಬನ್ನಿ ಎನ್ನಲಿಲ್ಲ. ನೆರೆಯ ನೀರು ಇಳಿದಿತ್ತು. ಕೆಸರು ಮಾತ್ರ ಹೊಸ್ತಿಲು ದಾಟಿ ಒಳಗೆ ಬಂದು, ಮನೆಯ ಯಜಮಾನನ ಹಾಗೆ ನಡುಮನೆಯಲ್ಲಿ ಕೂತಿತ್ತು. ಗೋಡೆಗಳ ಮೇಲೆ ಆಳೆತ್ತರಕ್ಕೆ ನೀರಿನ ಗೆರೆ ಮೂಡಿತ್ತು. ಜನ ಬಾಗಿಲಲ್ಲಿ ನಿಂತು ನಮ್ಮ ಬಟ್ಟೆ ನೋಡಿದರು. ನಮ್ಮ ಪ್ರಾರ್ಥನಾ ಮಂದಿರದ ಸೇವಾದಳದವರೆಲ್ಲ ತೋಳಿಲ್ಲದ ಬಿಳಿ ಕೋಟು ಹಾಕಬೇಕೆಂಬುದು ಕಟ್ಟಳೆ. ಕೆಸರೆತ್ತುವ ಕೆಲಸಕ್ಕೆ ಬಿಳಿ ಯಾಕೆಂದು ಸೇರಿದ ಹೊಸದರಲ್ಲಿ ನಾನೂ ಕೇಳಿದ್ದೆ. ಎಷ್ಟು ಕೆಲಸ ಮಾಡಿದೆವೆಂದು ಸಂಜೆ ಕೋಟೇ ಹೇಳಬೇಕು, ಬಾಯಿ ಹೇಳಬಾರದು ಎಂದಿದ್ದರು.

"ಬಂದ್ವು ನೋಡ್ರಪ್ಪಾ ಕೊಕ್ಕರೆಗಳು," ಎಂದು ಕ್ಷೌರದಂಗಡಿಯವನು ತನ್ನ ಬಾಗಿಲಿಂದಲೇ ಕೂಗಿದ. "ಕೆಸರು ಎಲ್ಲಿದೆ ಅಂತ ಇವಕ್ಕೆ ಯಾರು ಹೇಳ್ತಾರೋ!"

ಬೀದಿ ನಕ್ಕಿತು. ಅದು ಹಲ್ಲು ಕಚ್ಚಿಕೊಂಡು ನಗುವ ನಗು. ನಮಗಿಂತ ಮುಂಚೆ ಬೇರೆ ತಂಡಗಳು ಬಂದು ಹೋಗಿದ್ದವಂತೆ. ಒಂದು ತಂಡದವರು ಕಂಬಳಿ ಕೊಟ್ಟು ಫೋಟೊ ತೆಗೆದು, ಫೋಟೊ ಸರಿ ಬರಲಿಲ್ಲವೆಂದು ಕಂಬಳಿ ವಾಪಸು ಇಸಿದುಕೊಂಡು ಮತ್ತೆ ಕೊಟ್ಟರಂತೆ. ಇನ್ನೊಂದು ತಂಡದವರು ಮೊಣಕಾಲುದ್ದ ಕೆಸರಲ್ಲಿ ನಿಂತವರಿಗೆ ಇದು ನಿಮ್ಮ ಪಾಪದ ಫಲ ಎಂದು ತಿಳಿಸಿ ಹೋದರಂತೆ. ಅವರ ಮೇಲಿನ ಸಿಟ್ಟೂ ನಮ್ಮ ತಲೆಗೇ ಬಂತು.

ನಮ್ಮ ಮುಂದಾಳನ್ನು ದೊಡ್ಡಣ್ಣ ಎನ್ನುತ್ತಾರೆ. ನನಗಿಂತ ಬಹಳ ಚಿಕ್ಕವರು, ಆದರೂ ನನಗೂ ದೊಡ್ಡಣ್ಣನೇ. ಊರಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಮಾತೂ ಮೊಳೆ ಹೊಡೆದ ಹಾಗೆ, ಒಂದು ಸಲ ಹೋದರೆ ಹೋಯಿತು. ಲಾರಿ ಓಡಿಸುವವನು ನನ್ನ ಭಾಮೈದ. ಅವನ ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ನನ್ನನ್ನು ಮಂದಿರಕ್ಕೆ ಎಳೆದು ತಂದು ಕೋಟು ಹಾಕಿಸಿದವನೇ ಅವನು.

ನಾನು ಗಾರೆ ಕೆಲಸದವನು. ಬಾವಿ ಕಟ್ಟಿದ್ದೇನೆ, ಹೂಳೆತ್ತಿದ್ದೇನೆ. ಅದಕ್ಕೆ ದೊಡ್ಡಣ್ಣ ನನ್ನನ್ನು ಟೀ ಅಂಗಡಿಯ ಹಿತ್ತಲಿಗೆ ಕಳಿಸಿದರು.

ಅಂಗಡಿ ನಡೆಸುವ ಹೆಂಗಸನ್ನು ಬೀದಿಯವರು ಟೀಯಮ್ಮ ಎನ್ನುತ್ತಿದ್ದರು. ಗಂಡ ಇಲ್ಲ. ಮುಂದೆ ಅಂಗಡಿ, ಹಿಂದೆ ಒಂದೇ ಕೋಣೆ, ಅದರ ಮೇಲೆ ಹಲಗೆಯ ಅಟ್ಟ, ಹಿತ್ತಲಲ್ಲಿ ಬಾವಿ. ನೀರು ಏರಿದಾಗ ಅವಳು ಅತ್ತೆಯನ್ನು ಹೆಗಲ ಮೇಲೆ ಹೊತ್ತು ಅಟ್ಟಕ್ಕೆ ಹತ್ತಿಸಿದ್ದಳಂತೆ. ನೀರು ಇಳಿದರೂ ಮುದುಕಿ ಇಳಿಯಲಿಲ್ಲ.

"ಮತ್ತೆ ನೀರು ಬಂದ್ರೆ ಹತ್ತಿಸೋರು ಯಾರು? ಇವಳ ಸೊಂಟ ಈಗ್ಲೇ ಹೋಗಿದೆ," ಎಂದು ಅಟ್ಟದಿಂದ ತಲೆ ಹೊರಹಾಕಿ ನನಗೆ ಹೇಳಿದಳು. "ನೀನ್ಯಾರಪ್ಪ, ಇಷ್ಟು ಮುದುಕ? ವಯಸ್ಸಿನೋರು ಸಿಗ್ಲಿಲ್ವಾ ನಿಮ್ಮ ದೇವರಿಗೆ?"

"ಬಾವಿಗೆ ಇಳಿಯೋಕೆ ತೆಳ್ಳಗಿರಬೇಕು ತಾಯಿ," ಎಂದೆ.

"ತೆಳ್ಳಗಲ್ಲ ನೀನು, ಒಣಗಿದ್ದೀಯ," ಎಂದಳು.

ಟೀಯಮ್ಮ ನಗಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾವಿಕಟ್ಟೆಯ ಹತ್ತಿರವೇ ನಿಂತಳು. "ಬೇರೇನೂ ಮಾಡ್ಬೇಡಿ. ಗೋಡೆ ನಾನು ತೊಳ್ಕೋತೀನಿ, ಕೆಸರು ನಾನು ಎತ್ತುತೀನಿ. ನೀರೊಂದು ಸರಿ ಮಾಡ್ಕೊಡಿ. ನೀರಿದ್ರೆ ಟೀ. ಟೀ ಇದ್ರೆ ನಾವಿಬ್ರೂ ಇರ್ತೀವಿ. ಇಲ್ಲಾಂದ್ರೆ ಅತ್ತೆ ಅಟ್ಟದ ಮೇಲೆ, ನಾನು ಬೀದಿ ಮೇಲೆ."

ಡೀಸೆಲ್ ಪಂಪು ಇಳಿಸಿ ಕಪ್ಪು ನೀರನ್ನೆಲ್ಲ ಎತ್ತಿದೆವು. ಹಗ್ಗ ಕಟ್ಟಿಕೊಂಡು ನಾನು ಇಳಿದೆ. ಒಳಗೆ ಏನಿರಲಿಲ್ಲ! ಯಾರದೋ ಸೈಕಲ್ಲು, ತಗಡು, ಒಂದು ಬಾಗಿಲು, ಅವಳದೇ ಟೀ ಕೆಟಲ್ಲು. ಸತ್ತದ್ದು ಮಾತ್ರ ಏನೂ ಇರಲಿಲ್ಲ. ಒಂದು ಕಪ್ಪೆ ಇತ್ತು, ಅದೂ ಬದುಕಿತ್ತು. ಹೂಳು ಎತ್ತಿ, ಕಲ್ಲು ಕಲ್ಲು ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ, ಮತ್ತೆ ಖಾಲಿ ಮಾಡಿ ಬಿಟ್ಟೆವು. ತಳದ ಸೆಲೆ ತಾನಾಗಿ ಉಕ್ಕಿ, ಮಾರನೆಯ ದಿನಕ್ಕೆ ಬಾವಿಯಲ್ಲಿ ಆಕಾಶ ಕಾಣಿಸಿತು. ಪುಡಿಯ ವಾಸನೆ ಹೋಗುವವರೆಗೂ ಮತ್ತೊಮ್ಮೆ ಎತ್ತಿ ಚೆಲ್ಲಿದೆವು.

ಟೀಯಮ್ಮ ಅಂಗಡಿಯಲ್ಲಿ ಒಲೆ ಹಚ್ಚಿದಳು. ನೆರೆ ಬಂದ ಮೇಲೆ ಆ ಬೀದಿಯಲ್ಲಿ ಹೊತ್ತಿದ ಮೊದಲ ಒಲೆ. ತಟ್ಟೆಯ ತುಂಬ ಗ್ಲಾಸು ಜೋಡಿಸಿಕೊಂಡು ನಮ್ಮ ಹತ್ತಿರ ಬಂದಳು. ಅಷ್ಟು ದಿನ ಗಂಟು ಹಾಕಿಕೊಂಡಿದ್ದ ಮುಖ ಅವತ್ತು ಸ್ವಲ್ಪ ಸಡಿಲವಾಗಿತ್ತು.

"ಮೊದಲು ನೀವು ಕುಡೀರಿ. ಆಮೇಲೆ ವ್ಯಾಪಾರ," ಎಂದಳು.

ದೊಡ್ಡಣ್ಣ ಕೈ ಮುಗಿದರು. "ಬೇಡಮ್ಮ. ನಾವು ತಗೊಳ್ಳೋ ಹಾಗಿಲ್ಲ."

"ಟೀ ಬೇಡ್ವಾ? ಸರಿ, ನೀರು ತರ್ತೀನಿ."

"ನೀರೂ ಇಲ್ಲಮ್ಮ. ನಮ್ಮದು ಲಾರಿಯಲ್ಲಿದೆ."

ಎಲ್ಲರೂ ಒಬ್ಬೊಬ್ಬರಾಗಿ ಕೈ ಮುಗಿದೆವು. ನಾನೂ ಮುಗಿದೆ. ಆಮೇಲೆ ಎದುರುಗಡೆ ಕ್ಷೌರದಂಗಡಿಯ ನೆರಳಲ್ಲಿ ಕೂತು, ಲಾರಿಯಿಂದ ಇಳಿಸಿದ ನೀಲಿ ಕ್ಯಾನಿನ ನೀರನ್ನು ಗಟಗಟ ಕುಡಿದೆವು. ಅವಳು ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಕ್ಷೌರದವನು ಕತ್ತರಿ ಹಿಡಿದುಕೊಂಡು ಅವಳನ್ನೂ ನೋಡಿದ, ನಮ್ಮನ್ನೂ ನೋಡಿದ.

ಈ ಕಟ್ಟಳೆ ಹೇಗೆ ಹುಟ್ಟಿತೆಂದು ಈಗಿನವರಿಗೆ ಗೊತ್ತಿಲ್ಲ. ಸೇವಾದಳ ಕಟ್ಟಿದ್ದು ಮಂದಿರದ ಅಜ್ಜಿ. ಭಾಮೈದ ನನಗೆ ಕೋಟು ಹಾಕಿಸುವುದಕ್ಕೆ ಎಷ್ಟೋ ವರ್ಷ ಮುಂಚೆ, ಭೂಮಿ ನಡುಗಿ ಊರೊಂದು ಬಿದ್ದಾಗ, ಕೂಲಿಗೆಂದು ಅವಳ ಜೊತೆ ಹೋದ ಗಾರೆಯವರಲ್ಲಿ ನಾನೊಬ್ಬ. ಒಂದು ಮನೆಯವರು ಒತ್ತಾಯ ಮಾಡಿ ಊಟಕ್ಕೆ ಕೂರಿಸಿದರು. ಹೊಟ್ಟೆ ಬಿರಿಯ ಉಂಡೆವು. ಹೊರಡುವಾಗ ನೋಡಿದರೆ ಆ ಮನೆಯ ಹುಡುಗಿ ಖಾಲಿ ಪಾತ್ರೆಯ ತಳ ಕೆರೆಯುತ್ತಿದ್ದಳು. ಅಜ್ಜಿ ಅದನ್ನು ನೋಡಿದಳು. ಕಷ್ಟದಲ್ಲಿರುವವರ ಮನೆಯಲ್ಲಿ ಇನ್ನು ಒಂದು ಗುಟುಕು ನೀರನ್ನೂ ಮುಟ್ಟಬಾರದೆಂದು ಊರಿಗೆ ಬಂದು ದೀಪದ ಮುಂದೆ ಆಣೆ ಹಾಕಿಸಿದಳು. ಕೋಟು ತೊಡುವವರೆಲ್ಲ ಆ ಆಣೆ ಮಾಡಿಯೇ ತೊಡಬೇಕು. ಕಟ್ಟಳೆ ಒಳ್ಳೆಯದು. ಆದರೆ ಆ ಅಜ್ಜಿ ಟೀ ಅಂಗಡಿಯವಳೊಬ್ಬಳ ಬಾವಿ ತೊಳೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಟೀಯಮ್ಮನ ಒಲೆ ಉರಿಯಿತು, ಗಿರಾಕಿ ಬರಲಿಲ್ಲ. ಸಂತೆಮಾಳದ ಹಮಾಲಿಗಳು ದಿನಾ ಅಲ್ಲೇ ಕುಡಿಯುವವರು. ಅವತ್ತು ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡು ದಾಟಿ ಬೀದಿಯ ತುದಿಗೆ ಹೊಸದಾಗಿ ಬಂದಿದ್ದ ಟೀ ತಳ್ಳುಗಾಡಿಯ ಹತ್ತಿರ ಹೋಗಿ ನಿಂತರು. ಅದರ ಮಾರನೆಯ ದಿನವೂ ಅಷ್ಟೇ. ಟೀಯಮ್ಮ ಒಬ್ಬ ಹಮಾಲಿಯ ಅಂಗಿ ಹಿಡಿದು ನಿಲ್ಲಿಸಿ ಕೇಳಿದಳಂತೆ. ಅವನು ಬಾಯಿ ಬಿಟ್ಟ.

ನಾವು ಶಾಲೆಯ ಒಂದು ಕೋಣೆಯಲ್ಲಿ ಇಳಿದುಕೊಂಡಿದ್ದೆವು. ಬೆಳಗಿನ ಪ್ರಾರ್ಥನೆಗೆ ಕಣ್ಣು ಮುಚ್ಚಿ ಕೂತಿದ್ದಾಗ ಬಾಗಿಲು ಗೋಡೆಗೆ ಬಡಿದ ಸದ್ದಾಯಿತು.

"ಕಣ್ಣು ಬಿಡ್ರೀ! ನಿಮ್ಮ ದೇವರು ಎಲ್ಲೂ ಹೋಗಲ್ಲ. ನನ್ನ ಗಿರಾಕಿಗಳು ಹೋದ್ರು!"

ಕೈಯಲ್ಲಿ ತುಂಬಿದ ತಂಬಿಗೆ ಹಿಡಿದುಕೊಂಡು ಬಂದಿದ್ದಳು.

"ಏನಾಯ್ತಮ್ಮ?" ಎಂದರು ದೊಡ್ಡಣ್ಣ.

"ಏನಾಯ್ತಾ? ಬಾವಿ ತೊಳೆದೋರೇ ಆ ನೀರು ಕುಡಿಯಲ್ಲ ಅಂದ್ಮೇಲೆ ಒಳಗೆ ಏನೋ ಕಂಡಿರ್ಬೇಕು ಅಂತ ಬೀದಿಯೆಲ್ಲ ಮಾತಾಡ್ತಿದೆ. ಒಬ್ಬ ನಾಯಿ ಅಂತಾನೆ. ಇನ್ನೊಬ್ಬ ಹೆಣ ಅಂತಾನೆ. ಕ್ಷೌರದೋನಂತೂ ಕುರ್ಚಿ ಮೇಲೆ ಕೂತೋರಿಗೆಲ್ಲ ಹೆಣದ ಬೆರಳು ಸಮೇತ ಬಣ್ಣಿಸಿ ಹೇಳ್ತಿದಾನೆ!"

"ದೇವರಾಣೆ, ಏನೂ ಇರಲಿಲ್ಲ," ಎಂದೆ ನಾನು. "ಒಂದು ಕಪ್ಪೆ."

"ಅದನ್ನ ನನಗೆ ಹೇಳ್ಬೇಡಿ ಯಜಮಾನ್ರೇ. ಕುಡೀರಿ." ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು. "ಇಲ್ಲಿ ಬೇಡ. ನನ್ನ ಅಂಗಡಿ ಮುಂದೆ ಬಂದು ಎಲ್ಲರೂ ನೋಡೋ ಹಾಗೆ ಕುಡೀರಿ. ಅಷ್ಟು ಮಾಡಿ, ಸಾಕು."

ದೊಡ್ಡಣ್ಣ ಎದ್ದು ನಿಂತು ಕಟ್ಟಳೆಯನ್ನು ವಿವರಿಸಿದರು. ಮನೆಯವರ ಮೇಲೆ ಭಾರ ಹಾಕಬಾರದು, ಸೇವೆಗೆ ಪ್ರತಿಫಲ ಇರಬಾರದು ಎಂದು ತಾಳ್ಮೆಯಿಂದಲೇ ಹೇಳಿದರು.

"ಭಾರ ಆಗಬಾರದು ಅಂತ ಕುಡಿಯಲ್ವಾ?" ಎಂದಳು. "ನೀವು ಕುಡಿಯದೇ ಇರೋದೇ ಕಣ್ರೀ ನನಗೆ ಭಾರ! ನೆರೆ ನನ್ನ ಸಾಮಾನು ತಗೊಂಡು ಹೋಯ್ತು. ನೀವು ಹೆಸರು ತಗೊಂಡು ಹೋಗ್ತಿದೀರ. ನೆರೆನೇ ವಾಸಿ."

"ಬೇರೆ ದಾರಿ ಮಾಡ್ತೀನಿ," ಎಂದರು ದೊಡ್ಡಣ್ಣ. "ಇವತ್ತು ಮೈಕಲ್ಲಿ ಹೇಳಿಸ್ತೀನಿ."

ಹೇಳಿಸಿದರು. ಭಾಮೈದ ಲಾರಿಯ ಮೇಲೆ ಮೈಕು ಕಟ್ಟಿ, ಇಂಥ ಅಂಗಡಿಯ ಹಿತ್ತಲಿನ ಬಾವಿಯ ನೀರು ಶುದ್ಧವಾಗಿದೆ, ಯಾರೂ ಸಂಶಯ ಪಡಬೇಕಾಗಿಲ್ಲ ಎಂದು ಬೀದಿ ಬೀದಿ ಕೂಗಿದ. ಅಲ್ಲಿಯವರೆಗೆ ವಿಷಯ ಗೊತ್ತಿದ್ದದ್ದು ಒಂದು ಬೀದಿಗೆ. ಮೈಕಿನಿಂದ ಊರಿಗೆಲ್ಲ ಗೊತ್ತಾಯಿತು. ಮೈಕು ಕಟ್ಟಿ ಕೂಗಬೇಕಾದರೆ ಸಣ್ಣಪುಟ್ಟ ಹೆಣ ಅಲ್ಲ ಎಂದು ಕ್ಷೌರದವನು ತೀರ್ಪು ಕೊಟ್ಟ.

ಮಧ್ಯಾಹ್ನ ನಾವು ಬೀದಿಯ ಕೊನೆಯ ಮನೆಯ ಕೆಸರು ಎತ್ತುತ್ತಿದ್ದಾಗ ಅವಳು ಮತ್ತೆ ಬಂದಳು. ಈ ಸಲ ಹಿಂದೆ ಬೀದಿಯೂ ಬಂತು, ಜಗಳ ನೋಡುವುದಕ್ಕೆ. ಅವಳು ನಮ್ಮ ಬುಟ್ಟಿಗೆ ಒದ್ದಳು. ಕೆಸರು ಚೆಲ್ಲಿತು.

"ಯಾರೂ ಕರೀಲಿಲ್ಲ ನಿಮ್ಮನ್ನ," ಎಂದಳು. "ಬಂದ್ರಿ, ಪುಣ್ಯ ಕಟ್ಕೊಂಡ್ರಿ, ನನ್ನ ಬಾಯಿಗೆ ಮಣ್ಣು ಹಾಕಿದ್ರಿ. ಹಾಗೇ ಬಾವಿಗೂ ಹಾಕಿಬಿಡಿ. ನೀವು ತೆಗೆದ ಹೂಳು ಅಲ್ಲೇ ಬಿದ್ದಿದೆ!"

ಗುಂಪಿನಿಂದ ಯಾರೋ, "ಕುಡೀರೋ ಕೊಕ್ಕರೆಗಳಾ!" ಎಂದರು. ಇನ್ಯಾರೋ ಒಂದು ಉಂಡೆ ಕೆಸರು ಎಸೆದರು. ಅದು ದೊಡ್ಡಣ್ಣನ ಎದೆಗೆ ಬಿತ್ತು. ದೊಡ್ಡಣ್ಣ ಒರೆಸಿಕೊಳ್ಳಲಿಲ್ಲ.

ನಾನು ಗುದ್ದಲಿ ಕೆಳಗಿಟ್ಟೆ. "ಹೋಗಿ ಕುಡಿದು ಬರ್ತೀನಿ ದೊಡ್ಡಣ್ಣ," ಎಂದೆ.

ದೊಡ್ಡಣ್ಣ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮುಖ ಕೆಂಪಾಗಿತ್ತು. "ನಿಮ್ಮ ವಯಸ್ಸಿಗೆ ಎದುರು ಮಾತಾಡಲ್ಲ. ಕೋಟು ಬಿಚ್ಚಿಟ್ಟು ಹೋಗಿ. ನಾನು ನೋಡ್ಲಿಲ್ಲ ಅಂತ ಇಟ್ಕೊಳ್ಳಿ."

ಅವಳ ಕಿವಿ ಚುರುಕು. "ಕೋಟು ಬಿಚ್ಚಿ ಕುಡಿದ್ರೆ ಯಾವನೋ ಮುದುಕ ಕುಡಿದ ಹಾಗಾಯ್ತು," ಎಂದಳು. "ಬೇಡ. ಕೊಕ್ಕರೆ ಕುಡೀಬೇಕು."

ಅವಳು ಹೇಳಿದ್ದು ಸರಿ ಇತ್ತು. ನಾನು ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಅವಳ ಹಿಂದೆ ನಡೆದೆ. ಭಾಮೈದ ಲಾರಿಯಿಂದ ಇಳಿದು ಓಡಿಬಂದು ಕೈ ಹಿಡಿದ. "ಭಾವ, ತಲೆ ಕೆಟ್ಟಿದ್ಯಾ? ದೀಪದ ಮುಂದೆ ಆಣೆ ಮಾಡಿದೀರ. ಮಂದಿರದಲ್ಲಿ ನಾನು ಹೇಗೆ ಮುಖ ತೋರಿಸ್ಲಿ?"

"ಈಗ ಹೇಗೆ ತೋರಿಸ್ತಿದೀಯೋ ಹಾಗೇ," ಎಂದೆ.

ಅಂಗಡಿಯ ಮುಂದೆ ಒಂದು ಬೆಂಚು. ಅದರ ಒಂದು ಕಾಲು ನೆರೆಯಲ್ಲಿ ಹೋಗಿ, ಇಟ್ಟಿಗೆ ಜೋಡಿಸಿದ್ದರು. ಕೂತೆ. ಅವಳು ಹಿತ್ತಲ ಬಾವಿಯಿಂದ ಆಗಲೇ ಸೇದಿ ತಂದ ನೀರನ್ನು ಎಲ್ಲರ ಕಣ್ಣೆದುರಿಗೇ ಸುರಿದು ಕೊಟ್ಟಳು. ಒಂದು ಚೊಂಬು ನೀರು ಕುಡಿದೆ. ಆಮೇಲೆ ಟೀ ಕುಡಿದೆ. ಬೀದಿ ನನ್ನ ಗಂಟಲನ್ನೇ ನೋಡುತ್ತಿತ್ತು. ಗ್ಲಾಸು ಬೋರಲು ಹಾಕಿ ತೋರಿಸಿದೆ.

"ಸರಿ," ಎಂದ ಕ್ಷೌರದವನು, ಕೈ ಕಟ್ಟಿಕೊಂಡು. "ಅವನಿಗೇನು, ಸಾಯೋ ವಯಸ್ಸು. ಇವತ್ತು ಕುಡಿದ. ನಾಳೆ ಇರ್ತಾನಾ ಅಂತ ನೋಡ್ಬೇಕಲ್ಲ."

ಗುಂಪು ತಲೆಯಾಡಿಸಿತು, ಚದುರಿತು. ಒಬ್ಬನೂ ಟೀ ಕೇಳಲಿಲ್ಲ.

ಆಗ ದೊಡ್ಡಣ್ಣ ಬಂದರು. ತಂಡ ಅವತ್ತೇ ನದಿಯಾಚೆಯ ಊರಿಗೆ ಹೊರಡಬೇಕಿತ್ತು. ಅವರು ಕೂಗಾಡಲಿಲ್ಲ. ಕೈ ಚಾಚಿದರು. "ಕೋಟು ಕೊಡಿ."

"ಕೊಡಲ್ಲ," ಎಂದೆ.

"ಅದು ಮಂದಿರದ್ದು. ಆಣೆ ಮುರಿದೋರ ಮೈಮೇಲೆ ಇರ್ಬಾರದು."

"ಇವಳ ವ್ಯಾಪಾರ ಶುರುವಾಗ್ಲಿ, ಒಗೆದು ತಂದು ಕೊಡ್ತೀನಿ. ಈಗ ಬಿಚ್ಚಿದ್ರೆ ನಾನು ಕುಡಿದದ್ದು ದಂಡ."

"ಹಾಗಾದ್ರೆ ಲಾರಿ ಹತ್ತಬೇಡಿ," ಎಂದರು. "ಇಷ್ಟು ವರ್ಷ ಅಜ್ಜಿ ಕಟ್ಟಿದ್ದು, ಒಂದು ಗ್ಲಾಸು ಟೀಗೆ!"

ಅವರ ಕೋಟಿನ ಮೇಲೆ ಆ ಕೆಸರು ಹಾಗೇ ಒಣಗಿತ್ತು. ಲಾರಿ ಹೊರಟಿತು. ಭಾಮೈದ ನನ್ನ ಬಟ್ಟೆಯ ಚೀಲವನ್ನು ಕಿಟಕಿಯಿಂದ ಬೆಂಚಿನ ಕಡೆ ಎಸೆದು, ತಿರುಗಿ ನೋಡದೆ ಗೇರು ಹಾಕಿದ.

ಟೀಯಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಥ್ಯಾಂಕ್ಸ್ ಹೇಳುವವಳ ಮುಖ ಅದಲ್ಲ.

"ಈಗೇನು ಮಾಡ್ತೀಯ ಅಜ್ಜ?"

"ಕೂತಿರ್ತೀನಿ."

"ಕೂತ್ಕೋ. ಆದ್ರೆ ಕೇಳಿಸ್ಕೋ, ಇಲ್ಲಿ ಸಾಯ್ಬೇಡ. ನೆಗಡಿ ಬಂದ್ರೂ ನಾನು ಸುಮ್ಮನಿರಲ್ಲ."

ಹೀಗೆ ನಾನು ಆ ಅಂಗಡಿಯ ಬೋರ್ಡು ಆದೆ. ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂರುವುದು, ಎಲ್ಲರಿಗೂ ಕಾಣುವಂತೆ ಕುಡಿಯುವುದು. ಮಲಗಲು ಅಂಗಡಿಯೊಳಗೆ ಒಲೆಯ ಪಕ್ಕ ಒಂದು ಗೋಣಿಚೀಲ ಕೊಟ್ಟಳು. ಊಟದ ತಟ್ಟೆಯನ್ನು ಮುಂದೆ ತಳ್ಳುವ ರೀತಿ ನೋಡಿದರೆ, ಎಸೆದಿದ್ದರೂ ಒಂದೇ ಎನಿಸುತ್ತಿತ್ತು. ಸುಮ್ಮನೆ ಕೂರಲು ಕೈ ಕೇಳದೆ, ಒಂದು ದಿನ ಬಾವಿಕಟ್ಟೆಯ ಬಿರುಕಿಗೆ ಗಾರೆ ಮೆತ್ತಲು ಎದ್ದೆ. ಕೂಗಿದಳು: "ಒಳಗೆ ಹೋಗ್ಬೇಡ! ನೀನು ಕಾಣದಿದ್ರೆ ಸತ್ತ ಅಂದ್ಕೋತಾರೆ!"

ಅಟ್ಟದ ಮೇಲಿಂದ ಮುದುಕಿ ಬೆಳಿಗ್ಗೆ ಕೇಳುತ್ತಿದ್ದಳು: "ಏನೇ, ಸತ್ನಾ?"

"ಇನ್ನೂ ಇಲ್ಲ ಅತ್ತೆ."

"ಹಾಗಾದ್ರೆ ಇನ್ನೊಂದು ಗ್ಲಾಸು ಕೊಡು."

ಕಷ್ಟವಾದದ್ದು ಕೆಮ್ಮು. ಸಿಮೆಂಟು ಕುಡಿದ ಎದೆ ನನ್ನದು, ಬೆಳಿಗ್ಗೆ ಎರಡು ಸಲ ಕೆಮ್ಮದಿದ್ದರೆ ಬಿಡುವುದಿಲ್ಲ. ಒಂದು ದಿನ ಹಮಾಲಿಯೊಬ್ಬ ಧೈರ್ಯ ಮಾಡಿ ಬಂದು ಟೀ ಕೇಳಿದ. ಗ್ಲಾಸು ತುಟಿಗೆ ಹೋಗುವಷ್ಟರಲ್ಲಿ ನನಗೆ ಕೆಮ್ಮು ಬಂತು. ತಡೆದೆ, ಆಗಲಿಲ್ಲ. ಅವನು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟು, ನನ್ನ ಕಡೆ ನೋಡದೆ ಹೋದ. ಟೀಯಮ್ಮ ಆ ಟೀಯನ್ನು ನನ್ನ ಕಾಲ ಹತ್ತಿರ ಚೆಲ್ಲಿದಳು.

"ಮನೆಯಿಂದ ತಂದ ಕೆಮ್ಮಾ ಇದು? ಕೂಗಿ ಹೇಳು ಮತ್ತೆ! ಎಲ್ಲರಿಗೂ ಹೇಳು!"

ಹೇಳಿದೆ. ಬೀದಿಗೆ ಮುಖ ಮಾಡಿ, ಇದು ಗಾರೆ ಕೆಲಸದ ಹಳೇ ಕೆಮ್ಮು, ನಿಮ್ಮೂರಿನದ್ದಲ್ಲ ಎಂದು ಕೂಗಿದೆ. ಕ್ಷೌರದಂಗಡಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗಲಿ ಎಂದು ಕೂತೆ. ನಾನು ಬಾವಿಯ ತಳದಲ್ಲಿ ಸೆಲೆಗೆ ಕಾಯುತ್ತ ಕೂತವನು. ನೀರು ಬರುವ ಹೊತ್ತಿಗೆ ಬರುತ್ತದೆ, ಮೇಲಿನವರು ಎಷ್ಟು ಕೂಗಿದರೂ ಬೇಗ ಬರುವುದಿಲ್ಲ.

ತಳ್ಳುಗಾಡಿಯವನು ಟೀಗೆ ನೀರು ಎಲ್ಲಿಂದ ತರುತ್ತಾನೆಂದು ಯಾರೂ ಕೇಳಲಿಲ್ಲ. ಅವನ ಬಾವಿಯನ್ನು ಯಾರೂ ತೊಳೆದಿರಲಿಲ್ಲವಲ್ಲ, ಅದಕ್ಕೆ.

ಕೊನೆಗೆ ಬಂದವನು ಕ್ಷೌರದವನೇ. ಒಂದು ಬೆಳಿಗ್ಗೆ ಬೀದಿ ದಾಟಿ ಬಂದು ನನ್ನ ಎದುರಿಗೆ ನಿಂತ. ಹತ್ತಿರದಿಂದ ನೋಡಿದರೆ ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವನ ಮನೆಯೂ ಮುಳುಗಿತ್ತು.

"ಕಣ್ಣು ತೋರಿಸು," ಎಂದ. ರೆಪ್ಪೆ ಎಳೆದು ನೋಡಿದ, ಹಳದಿ ಇದೆಯೋ ಏನೋ ಎಂದು. "ನಾಲಿಗೆ." ನಾಲಿಗೆ ಚಾಚಿದೆ.

"ಡಾಕ್ಟರು ಬಂದ್ರು," ಎಂದಳು ಟೀಯಮ್ಮ ಒಲೆಯ ಹಿಂದಿನಿಂದ. "ಕತ್ತರಿ ತರಲಿಲ್ವಾ?"

"ನನಗೊಂದು ಟೀ," ಎಂದ, ಅವಳ ಕಡೆ ನೋಡದೆ.

ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸೋಸಿ ಕೊಟ್ಟಳು. ಅವನು ಗ್ಲಾಸನ್ನು ನನ್ನ ಮುಂದೆ ಹಿಡಿದ. "ಮೊದಲು ನೀನು."

ಅರ್ಧ ಕುಡಿದೆ. ಅವನು ನನ್ನ ಪಕ್ಕವೇ ಬೆಂಚಿನ ತುದಿಯಲ್ಲಿ ಕೂತು ಕಾದ. ಟೀ ಆರಿ ಮೇಲೆ ಕೆನೆ ಕಟ್ಟುವವರೆಗೂ ಕಾದ. ಅವನ ಅಂಗಡಿಯ ಬಾಗಿಲಲ್ಲಿ ಅರ್ಧ ಕೆನ್ನೆಗೆ ಸೋಪಿನ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಬಂದು ನಿಂತು ನೋಡುತ್ತಿದ್ದ. ಆಚೆ ಹಮಾಲಿಗಳು ನಿಂತರು. ಆಮೇಲೆ ಕ್ಷೌರದವನು ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡ.

"ಸಕ್ಕರೆ ಕಡಿಮೆ," ಎಂದ.

"ನಿನ್ನ ಬಾಯಿಗೆ ಅಷ್ಟು ಸಾಕು," ಎಂದಳು ಟೀಯಮ್ಮ.

ಅಷ್ಟೇ. ಆ ಮಾತು ಕೇಳಿ ಹಮಾಲಿಗಳಲ್ಲಿ ಒಬ್ಬ ನಕ್ಕು ಒಳಗೆ ಬಂದ. ಅವನ ಹಿಂದೆ ಇನ್ನಿಬ್ಬರು. ನೊರೆಯ ಕೆನ್ನೆಯವನೂ ಬಂದ. ಗ್ಲಾಸುಗಳು ಸಾಲದೆ ಅವಳು ತೊಳೆಯುತ್ತ ಕೊಡುತ್ತ, ಒಬ್ಬೊಬ್ಬನನ್ನೂ ಬೈಯುತ್ತ ಹೋದಳು. ಇಷ್ಟು ದಿನ ಎಲ್ಲಿ ಸತ್ತಿದ್ದೆ, ತಳ್ಳುಗಾಡಿಯವನು ಮಾವನಾ, ಹೆಣ ತೇಲ್ತಿದೆಯಾ ನೋಡ್ಕೊಂಡು ಕುಡಿ. ಅವರು ತಲೆ ತಗ್ಗಿಸಿ ಕುಡಿದರು. ಅಟ್ಟದಿಂದ ಮುದುಕಿ, "ಯಾರೇ ಅಷ್ಟೊಂದು ಜನ? ಅಜ್ಜ ಹೋದ್ನಾ?" ಎಂದು ಕೂಗಿದಳು.

ನಾನು ಬೆಂಚಿನ ಮೇಲೆ ಕೂತು ನನ್ನ ಗ್ಲಾಸು ಹಿಡಿದುಕೊಂಡಿದ್ದೆ. ಟೀಯಮ್ಮ ಬಂದು ನನ್ನ ಮುಂದೆ ನಿಂತಳು. ಹಣೆಯ ಬೆವರು ಒರೆಸಿಕೊಂಡಳು. ಏನೋ ಹೇಳಬಹುದು ಎಂದುಕೊಂಡೆ.

"ಏಳು ಅಜ್ಜ," ಎಂದಳು. "ಬೆಂಚು ಗಿರಾಕಿಗಳಿಗೆ ಬೇಕು."

ಎದ್ದೆ. ಗ್ಲಾಸಿನಲ್ಲಿ ಇನ್ನೂ ಒಂದೆರಡು ಗುಟುಕು ಇತ್ತು. ಬೀದಿಯಲ್ಲಿ ನಿಂತುಕೊಂಡೇ ಕುಡಿದೆ.